ನನ್ನ ಹೆಸರಿನ ಬಂದೂಕು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಒಂದು ಬಂದೂಕು ಇತ್ತು. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ನಡುಮನೆಯ ಗೋಡೆಗೆ ಗೂಟ ಬಡಿದು ಅದರ ಮೇಲೆ ಅಡ್ಡಲಾಗಿ ಇಟ್ಟಿರುತ್ತಿದ್ದರು. ಬಾಯಿಯಿಂದ ಮದ್ದು ಸುರಿದು, ನಾರಿನ ಉಂಡೆ ತುರುಕಿ, ಮೇಲೆ ಚರೆ ಹಾಕಿ, ಸಲಾಕೆಯಿಂದ ಜಡಿದು, ಕೊನೆಗೆ ಕೇಪು ಇಟ್ಟು ಹಾರಿಸಬೇಕಾದ ಹಳೆಯ ಬಂದೂಕು. ಒಂದು ಸಲ ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಚಿಗರಿಯ ಹಿಂಡು ದಿಬ್ಬ ದಾಟಿ ಮರೆಯಾಗಿರುತ್ತಿತ್ತು. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನದು. ಕುದಾಪುರ ದಾಟಿದರೆ ಸಿಗುವ ವರವು ಕಾವಲಿನ ಅಂಚಿಗೆ ಇದೆ. ಕಾವಲು ಎಂದರೆ ಸರ್ಕಾರದ ಅಮೃತಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಣ್ಣು ಹೋದಷ್ಟು ದೂರ ಹುಲ್ಲೇ. ಆ ಹುಲ್ಲಿನಲ್ಲಿ ಚಿಗರಿಗಳಿದ್ದವು, ಚಿಗರಿಗಳ ಹಿಂದೆ ತೋಳಗಳಿದ್ದವು. ಸಜ್ಜೆ ತೆನೆ ಕಟ್ಟುವ ಹೊತ್ತಿಗೆ ಚಿಗರಿ ನಮ್ಮ ಹೊಲಕ್ಕೆ ಬರುತ್ತಿದ್ದವು. ಕುರಿ ಮರಿ ಹಾಕುವ ಹೊತ್ತಿಗೆ ತೋಳ ನಮ್ಮ ಕುರಿ ಕೂಡುವ ರೊಪ್ಪಕ್ಕೆ ಬರುತ್ತಿದ್ದವು. ಬಂದೂಕು ಇದ್ದುದು ಅದಕ್ಕೆ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ನಮ್ಮಪ್ಪನದು ಬೇಸಾಯವೇ. ಆದರೆ ನಮ್ಮ ಬೀದಿಯ ತುಂಬ ಮಗ್ಗದ ಮನೆಗಳು. ಪಕ್ಕದ ಮನೆಯ ಅಮ್ಮನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಾ, ಕಡಿದ ರೇಷ್ಮೆ ಎಳೆ ಹುಡುಕಿ ಗಂಟು ಹಾಕುತ್ತಾ ಬೆಳೆದವಳು ನಾನು. ಆ ಅಮ್ಮ ತೆಲುಗಿನಲ್ಲಿ ಕಥೆ ಹೇಳುತ್ತಿದ್ದರು. ಅವರ ಯಜಮಾನರು ಕನ್ನಡ ಅಕ್ಷರ ತಿದ್ದಿಸಿದರು. ನಾನು ಈಗ ಇದನ್ನು ಬರೆಯುತ್ತಿರುವುದು ಅವರು ಕೊಟ್ಟ ಅಕ್ಷರದಿಂದ.

ನನಗೆ ಬಂದೂಕು ಹಿಡಿಸಿದವರು ನಮ್ಮ ಮಾವ. ಅವರಿಗೆ ಒಬ್ಬನೇ ಮಗ. ನನ್ನ ಗಂಡ ಒಳ್ಳೆಯ ಬೇಸಾಯಗಾರ, ಮಾತು ಕಡಿಮೆ, ಎತ್ತುಗಳು ಅವರ ಧ್ವನಿಗೆ ನಿಲ್ಲುತ್ತಿದ್ದವು. ಆದರೆ ಚಿಕ್ಕವರಿದ್ದಾಗ ಸಿಡುಬು ಬಂದು ಬಲಗಣ್ಣು ಹೋಗಿತ್ತು, ಎಡಗಣ್ಣೂ ದೂರಕ್ಕೆ ಅಷ್ಟಕ್ಕಷ್ಟೆ. ಮಾವನಿಗೆ ವಯಸ್ಸಾಗಿ ಕೈ ನಡುಗಲು ಶುರುವಾದ ವರ್ಷ, ಒಂದು ಬೆಳಗ್ಗೆ ಹೊಲದಲ್ಲಿ ನಾನು ಬುತ್ತಿ ಇಟ್ಟು ನಿಂತಿದ್ದಾಗ, ದೂರದಲ್ಲಿ ಏನು ಕಾಣಿಸುತ್ತದೆ ಎಂದು ಕೇಳಿದರು. ಎರಡು ಹೆಣ್ಣು ಚಿಗರಿ, ಒಂದರ ಕಿವಿ ಹರಿದಿದೆ ಎಂದೆ. ಮಾರನೆಯ ದಿನದಿಂದ ಪಾಠ ಶುರುವಾಯಿತು.

ಅತ್ತೆಗೆ ಅದು ಹಿಡಿಸಲಿಲ್ಲ. ಸೊಸೆಯ ಕೈಗೆ ಬಂದೂಕು ಕೊಟ್ಟರೆ ನಾಲ್ಕು ಜನ ಏನಂದಾರು ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರು. ಮಾವ ಒಂದೇ ಮಾತು ಹೇಳಿದರು: "ನಾಲ್ಕು ಜನ ಬಂದು ನಮ್ಮ ಕುರಿ ಕಾಯ್ತಾರೇನು?"

ಆಗ ನನಗೆ ಗೊತ್ತಿರದ ಒಂದು ವಿಷಯ ಮಾವನಿಗೆ ಗೊತ್ತಿತ್ತು. ಬಂದೂಕಿನ ಲೈಸೆನ್ಸು ಅವರ ಹೆಸರಿನಲ್ಲಿತ್ತು. ಅವರು ಪಕ್ಕದಲ್ಲಿ ನಿಂತಿದ್ದರೆ ನಾನು ಹಿಡಿಯಬಹುದು ಎಂದು ಅವರೇ ಲೆಕ್ಕ ಹಾಕಿಕೊಂಡಿದ್ದರು. ಆದ್ದರಿಂದ ಕೈ ನಡುಗಿದರೂ, ಕಾಲು ನೋವಿದ್ದರೂ ನನ್ನ ಜೊತೆ ಹೊಲಕ್ಕೆ ಬಂದು ಬದುವಿನ ಮೇಲೆ ಕೂರುತ್ತಿದ್ದರು. ಅಲ್ಲಿ ಕೂತು ಹಳೆಯ ಕಾಲದ ಮಾತು ಹೇಳುತ್ತಿದ್ದರು. ಪಾಳೆಯಗಾರರ ಕಾಲದಲ್ಲಿ ಮನೆಗೊಂದು ಬಂದೂಕು ಇತ್ತಂತೆ, ಕೇಳುವವರೇ ಇರಲಿಲ್ಲವಂತೆ. ಆಮೇಲೆ ಸರ್ಕಾರ ಎಲ್ಲವನ್ನೂ ಒಪ್ಪಿಸಿಕೊಂಡು, ಬೇಕಾದವರು ಅಪ್ಪಣೆ ಪಡೆಯಿರಿ ಎಂದಿತಂತೆ. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಒಮ್ಮೆ ಕೇಳಿದೆ. ಅವರು ತಮ್ಮ ಅಜ್ಜ ಸತ್ತದ್ದು ತೋಳದ ಬಾಯಿಗೆ ಸಿಕ್ಕಿ ಅಲ್ಲ, ಒಡಹುಟ್ಟಿದವನ ಗುಂಡಿಗೆ ಸಿಕ್ಕಿ ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಮಾವ ತೀರಿಕೊಂಡದ್ದು ಮೊದಲನೆಯ ಜರ್ಮನಿಯ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ. ಬೇಸಿಗೆಯಲ್ಲಿ, ಮಲಗಿದ್ದ ಹಾಗೆಯೇ ಹೋದರು. ತಿಥಿ ಮುಗಿದು ನೆಂಟರು ಇನ್ನೂ ಹೊರಟಿರಲಿಲ್ಲ, ಪಟೇಲರು ಬಂದರು. ನಮ್ಮ ಪಟೇಲರು ಒಳ್ಳೆಯವರು, ಸಂಕೋಚದಿಂದಲೇ ಜಗಲಿಯ ಮೇಲೆ ಕೂತರು. ನೀರು ಕುಡಿದು, ಮಾವನ ಗುಣಗಾನ ಮಾಡಿ, ಆಮೇಲೆ ಬಂದ ಕೆಲಸ ಹೇಳಿದರು. ಲೈಸೆನ್ಸು ಇದ್ದದ್ದು ಸತ್ತವರಿಗೆ, ಮನೆಗಲ್ಲ. ಯಜಮಾನರ ಜೊತೆ ಅದೂ ಮುಗಿಯಿತು. ಬಂದೂಕನ್ನು ಚಳ್ಳಕೆರೆ ಠಾಣೆಗೆ ಒಪ್ಪಿಸಬೇಕು. ಒಪ್ಪಿಸದೆ ಮನೆಯಲ್ಲಿಟ್ಟುಕೊಂಡರೆ ಅದೇ ಒಂದು ಅಪರಾಧ. ವಾರಸುದಾರರು ಬೇಕಾದರೆ ಹೊಸದಾಗಿ ಅರ್ಜಿ ಹಾಕಿಕೊಳ್ಳಬಹುದು.

"ಮನೆ ಮಗನಿಗೆ ಬರಲ್ವಾ? ಹೊಲ ಬರ್ತೈತೆ, ಎತ್ತು ಬರ್ತಾವೆ, ಬಂದೂಕು ಯಾಕೆ ಬರಲ್ಲ?" ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

ಬಂದೂಕು ಬರುತ್ತದೆ, ಇಟ್ಟುಕೊಳ್ಳುವ ಅಪ್ಪಣೆ ಬರುವುದಿಲ್ಲ ಎಂದು ಪಟೇಲರು ವಿವರಿಸಿದರು. ಅತ್ತೆಗೆ ಅದು ಅರ್ಥವಾಗಲಿಲ್ಲ. ನನಗೂ ಆಗ ಪೂರ್ತಿ ಅರ್ಥವಾಗಲಿಲ್ಲ. ಮಾರನೆಯ ದಿನ ನನ್ನ ಗಂಡ ಬಂದೂಕನ್ನು ಗೋಣಿಯಲ್ಲಿ ಸುತ್ತಿ ಗಾಡಿಯಲ್ಲಿಟ್ಟುಕೊಂಡು ಚಳ್ಳಕೆರೆಗೆ ಹೋಗಿ ಒಪ್ಪಿಸಿ ಬಂದರು. ಗೋಡೆಯ ಗೂಟಗಳಿಗೆ ಅತ್ತೆ ಒಗೆದ ಸೀರೆ ಹಾಕತೊಡಗಿದರು.

ಆ ವರ್ಷದ ಬೆಳೆಯ ಕಥೆ ಬೇಗ ಹೇಳಿಬಿಡುತ್ತೇನೆ. ಮಳೆ ಚೆನ್ನಾಗಿಯೇ ಬಂತು, ಸಜ್ಜೆ ಆಳೆತ್ತರ ನಿಂತಿತು. ಬೆಳಗಿನ ಜಾವಕ್ಕೆ ನಾನೂ ನನ್ನ ಗಂಡನೂ ಹೊಲಕ್ಕೆ ಹೋಗಿ ಡಬ್ಬ ಬಡಿಯುತ್ತಿದ್ದೆವು. ಮೊದಮೊದಲು ಚಿಗರಿಗಳು ಹೆದರಿ ಓಡಿದವು. ಆಮೇಲೆ ಡಬ್ಬದ ಸದ್ದಿಗೆ ಒಗ್ಗಿಕೊಂಡು, ತಲೆಯೆತ್ತಿ ನೋಡಿ, ಮತ್ತೆ ಮೇಯುತ್ತಿದ್ದವು. ತೋಳಗಳಂತೂ ಹಗಲಿನಲ್ಲೇ ಬಂದು ಮರಿಗಳನ್ನು ಎತ್ತಿಕೊಂಡು ಹೋದವು. ಒಂದು ಸಲ ಕಲ್ಲು ಹಿಡಿದು ಅಟ್ಟಿಸಿಕೊಂಡು ಹೋದ ನನ್ನ ಗಂಡ ಕಣ್ಣು ಕಾಣದೆ ಕಲ್ಲುಗುಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡು ಬಂದರು. ಅವರ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಾ ನನಗೆ ಅಳು ಬಂತು. ನೋವಾದದ್ದು ಅವರಿಗೆ, ಅಳುತ್ತಿದ್ದವಳು ನಾನು.

ಅವರು ಅರ್ಜಿ ಹಾಕಿದರು. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ಅಂಗಳದ ಆಚೆ ನಿಂತ ಪೇದೆಯ ಕೈಯಲ್ಲಿ ಏನಿದೆ ಎಂದು ಕೇಳಿದರಂತೆ. ಇವರು ಕೋಲು ಎಂದರಂತೆ. ಅದು ಛತ್ರಿಯಾಗಿತ್ತು. ಅಮಲ್ದಾರರು ಬೇಸರಪಟ್ಟುಕೊಳ್ಳಬೇಡ ಎಂದು ಹೇಳಿ ಅರ್ಜಿ ವಾಪಸು ಕೊಟ್ಟರಂತೆ. ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ನನ್ನ ಗಂಡ ನಗುತ್ತಲೇ ಹೇಳಿದರು, ಆದರೆ ಊಟ ಅರ್ಧಕ್ಕೆ ಬಿಟ್ಟರು.

ಆಗ ನಾನು ಆ ಮಾತು ಆಡಿದೆ. ಎಷ್ಟೋ ದಿನದಿಂದ ಬಾಯಿಗೆ ಬಂದು ನುಂಗುತ್ತಿದ್ದ ಮಾತು.

"ನನ್ನ ಹೆಸರಿಗೆ ಕೇಳೋಣ."

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಹೆಂಗಸು ಕಚೇರಿ ಮೆಟ್ಟಿಲು ಹತ್ತುವುದೇ, ಗಂಡನಿಗೆ ಇಲ್ಲ ಅಂದದ್ದನ್ನು ಹೆಂಡತಿಗೆ ಕೊಡುತ್ತಾರೆಯೇ, ಊರವರು ತಮ್ಮ ಮಗನನ್ನು ಕುರುಡ ಎಂದು ಆಡಿಕೊಳ್ಳುವುದಿಲ್ಲವೇ ಎಂದು ಒಂದರ ಮೇಲೊಂದು ಕೇಳಿದರು. ಕೊನೆಯ ಮಾತು ಸುಳ್ಳಲ್ಲ. ನನಗೂ ಇದ್ದ ಹೆದರಿಕೆ ಅದೊಂದೇ. ನಾನು ಗಂಡನ ಮುಖ ನೋಡಿದೆ.

"ಆಡಿಕೊಳ್ಳಾಕೆ ಏನೈತವ್ವ," ಎಂದರು ಅವರು. "ಕಣ್ಣು ಇಲ್ಲದಿರೋದು ಊರಿಗೆಲ್ಲ ಗೊತ್ತು. ಇವಳಿಗೆ ಕಣ್ಣೈತೆ ಅನ್ನೋದು ಅಮಲ್ದಾರ್ರಿಗೂ ಗೊತ್ತಾಗ್ಲಿ."

ಆ ಮಾತಿನ ಹಿಂದೆ ಅವರಿಗೆ ಎಷ್ಟು ಕಷ್ಟವಾಗಿರಬಹುದು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಅವರು ಬದುಕಿದ್ದಷ್ಟು ಕಾಲ ನಾನು ಅದನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಗಾಡಿ ಕಟ್ಟಿ ಚಳ್ಳಕೆರೆಗೆ ಹೋದೆವು. ಸಂತೆಯ ದಿನ, ಕಂಬಳಿ ಮಾರುವವರು ಕಚೇರಿಯ ಗೋಡೆಯವರೆಗೂ ಹರಡಿಕೊಂಡಿದ್ದರು. ಕಚೇರಿಯ ಗುಮಾಸ್ತರು ಅರ್ಜಿ ಓದಿ ನನ್ನ ಗಂಡನ ಕಡೆಗೇ ತಿರುಗಿ, ಹೆಸರು ತಪ್ಪು ಬಿದ್ದಿದೆ ಎಂದರು. ತಪ್ಪಿಲ್ಲ ಎಂದು ಇವರು ಹೇಳಿದರು. ಅರ್ಜಿ ಒಳಕ್ಕೆ ಹೋಯಿತು. ಬಹಳ ಹೊತ್ತಾದ ಮೇಲೆ ನಮ್ಮನ್ನು ಕರೆದರು.

ಅಮಲ್ದಾರರು ಮೈಸೂರಿನ ಕಡೆಯವರು. ಸಣ್ಣ ಆಳು, ದೊಡ್ಡ ರುಮಾಲು. ನಗಲಿಲ್ಲ, ಗದರಿಸಲೂ ಇಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಹೆಂಗಸೊಬ್ಬಳು ಬಂದೂಕು ಕೇಳಿ ಬಂದದ್ದು ಇದೇ ಮೊದಲು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಗುಮಾಸ್ತರಿಂದ ಕಾಯಿದೆ ಪುಸ್ತಕ ತರಿಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು.

"ಇಲ್ಲಿ ಗಂಡಸು ಅಂತಲೂ ಇಲ್ಲ, ಹೆಂಗಸು ಅಂತಲೂ ಇಲ್ಲ. ಯಾವ ವ್ಯಕ್ತಿಗೆ ಅಂತ ಇದೆ," ಎಂದರು. "ಆದರೆ ಒಂದು ತಿಳ್ಕೊಳಮ್ಮ. ಇದು ಹಕ್ಕು ಅಂತ ಕೇಳೋ ವಸ್ತು ಅಲ್ಲ. ಸರ್ಕಾರ ನಂಬಿ ಕೊಡೋ ಅಪ್ಪಣೆ. ನಂಬಿಕೆ ಹೋದ ದಿನ ವಾಪಸು ತಗೊಳ್ತೀವಿ."

ನನಗೆ ಹೆದರಿಕೆಯಾಗಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. "ನನ್ನ ಕುರಿ ಉಳಿಸ್ಕೊಳ್ಳೋದು ನನ್ನ ಹಕ್ಕಲ್ವಾ ಸ್ವಾಮಿ?" ಎಂದೆ.

"ಹೌದು," ಎಂದರು ಅವರು. "ಕುರಿ ನಿನ್ನದು, ಉಳಿಸ್ಕೊಳ್ಳೋ ಹಕ್ಕೂ ನಿನ್ನದು. ಅದಕ್ಕೇ ನಿನ್ನ ಅರ್ಜಿ ಹರಿದು ಹಾಕದೆ ಕೂತಿದ್ದೀನಿ. ಆದ್ರೆ ಗುಂಡು ಹಾರಿದ ಮೇಲೆ ಅದು ನಿನ್ನ ಹೊಲದಲ್ಲೇ ನಿಲ್ಲೋದಿಲ್ಲವಲ್ಲ. ಆಚೆಗೆ ಇರೋನಿಗೂ ಒಂದು ಹಕ್ಕಿದೆ."

ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ನಮ್ಮ ಹೋಬಳಿಗೆ ಬಂದಾಗ ಖುದ್ದಾಗಿ ನೋಡಿ ದುರ್ಗಕ್ಕೆ ಶಿಫಾರಸು ಬರೆಯುವುದೋ ಬೇಡವೋ ತೀರ್ಮಾನಿಸುತ್ತೇನೆ ಎಂದು ನಮ್ಮನ್ನು ಕಳುಹಿಸಿದರು. ಕೊಡುವ ಅಧಿಕಾರ ದುರ್ಗದಲ್ಲಿರುವ ಜಿಲ್ಲೆಯ ದೊಡ್ಡ ಸಾಹೇಬರದು.

ಅವರು ಬಂದರು. ಚಾವಡಿಯ ಹಿಂದಿನ ಬಯಲಿನಲ್ಲಿ ಡೇರೆ ಹಾಕಿದ್ದರು. ಸುದ್ದಿ ಹರಡಿ ಊರಿಗೆ ಊರೇ ಬಂದು ನಿಂತಿತು. ಠಾಣೆಯ ದಫೇದಾರರು ನಮ್ಮ ಬಂದೂಕನ್ನೇ ತಂದಿದ್ದರು. ದೂರದ ಕಲ್ಲಿನ ಮೇಲೆ ಒಂದು ಹಳೆಯ ಮಡಕೆ ಇಡಿಸಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮದ್ದು ತುಂಬಿ, ಜಡಿದು, ಕೇಪು ಇಟ್ಟೆ. ಹಾರಿಸಿದೆ. ಮಡಕೆ ಹಾಗೆಯೇ ಇತ್ತು, ಕಲ್ಲಿನ ಪಕ್ಕ ಮಣ್ಣು ಹಾರಿತು. ಜನ ನಕ್ಕರು. ಅತ್ತೆ ಮುಖ ತಿರುಗಿಸಿ ನಿಂತದ್ದು ಕಾಣಿಸಿತು.

ಮತ್ತೆ ತುಂಬಿದೆ. ಗುರಿ ಹಿಡಿದೆ. ಈ ಸಲ ಮಡಕೆಯ ಅಂಚಿನ ಬಿರುಕು ಕೂಡ ಕಾಣುತ್ತಿತ್ತು. ಅಷ್ಟರಲ್ಲಿ ಮಡಕೆಯ ಹಿಂದೆ, ಬಹಳ ದೂರದಲ್ಲಿ, ಹಳ್ಳದ ಏರಿ ಹತ್ತಿ ಒಂದು ಎಮ್ಮೆಯ ಕೊಂಬು ಕಂಡಿತು. ಎಮ್ಮೆಯ ಹಿಂದೆ ಯಾರಾದರೂ ಇರಲೇಬೇಕು. ನಾನು ಎಳೆದಿದ್ದ ಬಂದೂಕಿನ ಕುದುರೆಯನ್ನು ಮೆಲ್ಲಗೆ ಇಳಿಸಿ, ಕೇಪು ತೆಗೆದು, ಬಾಯಿ ಮೇಲೆ ಮಾಡಿ ನಿಂತೆ. ಜನಕ್ಕೆ ಏನೂ ಕಾಣಿಸಿರಲಿಲ್ಲ. ಹೆದರಿದಳು ಎಂದು ಯಾರೋ ಅಂದರು. ಹೊಡಿಯವ್ವ ಎಂದು ಇನ್ನೊಬ್ಬರು ಅಂದರು. ನಾನು ನಿಂತೇ ಇದ್ದೆ. ಆ ಎಮ್ಮೆ ಅಷ್ಟು ನಿಧಾನವಾಗಿ ನಡೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಅದರ ಹಿಂದೆ ಒಬ್ಬ ಮುದುಕಿ, ತಲೆಯ ಮೇಲೆ ಹುಲ್ಲಿನ ಹೊರೆ. ಅವಳು ಏರಿ ಇಳಿದು ಮರೆಯಾದ ಮೇಲೆ ಕೇಪು ಇಟ್ಟು ಹಾರಿಸಿದೆ. ಮಡಕೆ ಒಡೆಯಿತು.

ಅಮಲ್ದಾರರು ಕುರ್ಚಿಯಿಂದ ಎದ್ದರು. ಮೊದಲನೆಯ ಗುರಿ ತಪ್ಪಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಮುದುಕಿ ಯಾರು ಎಂದು ಪಟೇಲರನ್ನು ಕೇಳಿದರು. ಪಕ್ಕದ ಹಟ್ಟಿಯವಳು ಎಂದರು ಪಟೇಲರು. "ಅವಳಿಗೆ ಇದು ಗೊತ್ತೇ ಆಗೋದಿಲ್ಲ," ಎಂದು ಹೇಳಿ ಅಮಲ್ದಾರರು ಡೇರೆಯೊಳಗೆ ಹೋದರು.

ಚಳಿಗಾಲ ಹಿಡಿಯುವ ಹೊತ್ತಿಗೆ ಲೈಸೆನ್ಸು ಬಂತು. ನನ್ನ ಹೆಸರು, ನನ್ನ ಊರು, ಗಂಡನ ಹೆಸರು. ಕೆಳಗೆ ಷರತ್ತುಗಳು. ನಾನು ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿದೆ. ಬೆಳೆಯ ಮತ್ತು ಕುರಿಯ ರಕ್ಷಣೆಗೆ ಮಾತ್ರ. ಸ್ವಂತ ಜಮೀನಿನಲ್ಲಿ ಮಾತ್ರ. ಸಂತೆ, ಜಾತ್ರೆಗೆ ಒಯ್ಯಕೂಡದು. ಕಾವಲಿನೊಳಗೆ ಹಾರಿಸಕೂಡದು. ತಾಲ್ಲೂಕಿನ ಗಡಿ ದಾಟಿಸಕೂಡದು. ಇನ್ನೊಬ್ಬರ ಕೈಗೆ ಕೊಡಕೂಡದು. ಮದ್ದು ಇಷ್ಟೇ ಇಟ್ಟುಕೊಳ್ಳಬೇಕು. ವರ್ಷ ವರ್ಷ ತಂದು ತೋರಿಸಬೇಕು. ಅತ್ತೆ ಎಲ್ಲ ಕೇಳಿಸಿಕೊಂಡು, "ಇಷ್ಟೆಲ್ಲ ಕೂಡದು ಅಂದ ಮೇಲೆ ಕೊಟ್ಟಿದ್ದಾದ್ರೂ ಏನು?" ಎಂದರು. ಆದರೂ ಗೂಟದ ಮೇಲಿನ ಸೀರೆಗಳನ್ನು ಅವರೇ ತೆಗೆದರು.

ಅತ್ತೆ ಕೇಳಿದ ಪ್ರಶ್ನೆ ನನ್ನನ್ನೂ ಕಾಡಿದ ದಿನಗಳಿದ್ದವು. ಮರುವರ್ಷ ಒಂದು ಮುಂಜಾನೆ ಮರಿ ಕಚ್ಚಿಕೊಂಡು ಓಡಿದ ತೋಳವನ್ನು ಬದುವಿನವರೆಗೂ ಅಟ್ಟಿದೆ. ಅದು ಗಡಿಕಲ್ಲು ದಾಟಿ ಕಾವಲಿನೊಳಗೆ ಹೋಗಿ, ಅಲ್ಲೇ ನಿಂತು, ಮರಿಯನ್ನು ಕೆಳಗಿಟ್ಟು ಮತ್ತೆ ಬಿಗಿಯಾಗಿ ಕಚ್ಚಿ ಹಿಡಿದುಕೊಂಡಿತು. ಕಲ್ಲು ಎಸೆದರೂ ತಾಗುವಷ್ಟು ಹತ್ತಿರ. ಆಚೆ ಕಾವಲಿನ ದನ ಕಾಯುವವನು ಕೈಯೆತ್ತಿ ಬೇಡ ಎಂದ. ಅವನ ಹಿಂದೆ ಕರುಗಳ ಮಂದೆ ಇತ್ತು. ನಾನು ಹಾರಿಸಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಸಾಹೇಬರು ನಾಲ್ಕಾರು ಜನ ಕುದುರೆ ಹತ್ತಿ ಬಂದು, ಅದೇ ಕಾವಲಿನಲ್ಲಿ ಮೋಜಿಗಾಗಿ ಚಿಗರಿ ಹೊಡೆದು ಗಾಡಿ ತುಂಬಿಕೊಂಡು ಹೋದರು. ಅವರಿಗೆ ಲೈಸೆನ್ಸೇ ಬೇಕಿಲ್ಲವಂತೆ. ಬಿಳಿಯರಿಗೆ ಕಾಯಿದೆಯಲ್ಲೇ ವಿನಾಯಿತಿ ಎಂದು ಪಟೇಲರು ಹೇಳಿದರು. ಆ ದಿನ ಬಂದ ಸಿಟ್ಟು ಸರಿಯಾದ ಸಿಟ್ಟೇ ಎಂದು ಈಗಲೂ ಅನ್ನಿಸುತ್ತದೆ. ಮಿತಿ ಇರಬಾರದು ಎಂದಲ್ಲ. ನನಗೆ ಇದ್ದ ಮಿತಿ ಅವರಿಗೂ ಇರಬೇಕಿತ್ತು.

ಆಮೇಲೊಮ್ಮೆ ಮೊಳಕಾಲ್ಮೂರಿನಿಂದ ನನ್ನ ಅಣ್ಣ ಹೇಳಿ ಕಳುಹಿಸಿದ. ಬೆಟ್ಟದಿಂದ ಕರಡಿ ಇಳಿದು ಅವರ ತೋಟ ಹಾಳು ಮಾಡುತ್ತಿದೆ, ಬಂದೂಕು ತೆಗೆದುಕೊಂಡು ಬಾ ಎಂದು. ತವರಿಗೆ ಹೋದೆ, ಬಂದೂಕು ಒಯ್ಯಲಿಲ್ಲ. ತಾಲ್ಲೂಕು ದಾಟಿಸುವ ಹಾಗಿಲ್ಲ ಎಂದಾಗ ಅಣ್ಣನ ಮುಖ ಸಪ್ಪಗಾಯಿತು. ಅವನನ್ನು ಕೂರಿಸಿಕೊಂಡು ಅರ್ಜಿ ಬರೆದುಕೊಟ್ಟೆ. ಅವನಿಗೂ ಸಿಕ್ಕಿತು. ತಡವಾಗಿ ಸಿಕ್ಕಿತು, ಆದರೆ ಸಿಕ್ಕಿತು.

ಈಗ ನಮ್ಮ ಭಾವನ ವಿಷಯಕ್ಕೆ ಬರುತ್ತೇನೆ. ನನ್ನ ಮಾವನ ತಮ್ಮನ ಮಗ ಅವರು, ನನ್ನ ಗಂಡನಿಗಿಂತ ದೊಡ್ಡವರು. ಒಳ್ಳೆಯ ಮನಸ್ಸು, ಬೆಂಕಿಯಂಥ ಕೋಪ. ಅವರಿಗೂ ಪಕ್ಕದ ಹೊಲದವನಿಗೂ ಸೇರಿ ಒಂದು ಬಾವಿ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆದು ಒಂದು ದಿನ ಇವರು, ಒಂದು ದಿನ ಅವನು ನೀರು ಹಾಯಿಸಿಕೊಳ್ಳಬೇಕು. ಒಂದು ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತ್ತು. ಪಕ್ಕದವನು ಇವರ ಸರದಿಯ ದಿನ ಕಾಲುವೆ ಒಡೆದು ತನ್ನ ಮೆಣಸಿನ ಗಿಡಕ್ಕೆ ನೀರು ತಿರುಗಿಸಿಕೊಂಡ.

ಕೂಗಾಟ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ನಾನು ಜಗಲಿಯ ಮೇಲೆ ನವಣೆ ಹಸನು ಮಾಡುತ್ತಿದ್ದೆ. ಉರಿಬಿಸಿಲಿನಲ್ಲಿ ಭಾವ ತಲೆಗೆ ಟವಲೂ ಇಲ್ಲದೆ ಬಂದರು. ಮೈಯೆಲ್ಲ ಕೆಸರು.

"ತೋಳ ಬಂದೈತೆ. ಬಂದೂಕು ಕೊಡು," ಎಂದರು.

ನಾನು ಮೊರ ಕೆಳಗಿಟ್ಟು ಎದ್ದು ನಿಂತೆ. "ಎಲ್ಲೈತೆ ಭಾವ ತೋಳ?"

"ಬಾವಿ ಹತ್ರ. ಕೊಡು ಅಂದ್ರೆ ಕೊಡು."

"ಕೊಡಾಕಾಗಲ್ಲ. ಅದು ನನ್ನ ಹೆಸರಲ್ಲೈತೆ. ತೋಳ ಇದ್ರೆ ನಾನೇ ಬರ್ತೀನಿ."

ಅವರ ಕಣ್ಣು ಕೆಂಪಾಗಿತ್ತು. "ನಮ್ಮ ದೊಡ್ಡಪ್ಪನ ಬಂದೂಕು ಅದು. ನೀನು ನಿನ್ನೆ ಮೊನ್ನೆ ಬಂದೋಳು, ನನಗೆ ಇಲ್ಲ ಅಂತೀಯಾ?"

"ದೊಡ್ಡಪ್ಪಂದಾಗೇ ಉಳಿದಿದ್ರೆ ಇವತ್ತೂ ಠಾಣೇಲಿ ಇರ್ತಿತ್ತು ಭಾವ."

ಅವರು ನನ್ನನ್ನು ಬಳಸಿಕೊಂಡು ಒಳಗೆ ನುಗ್ಗಲು ಹೋದರು. ನಡುಮನೆಯ ಗೋಡೆ ಅವರಿಗೆ ಚಿಕ್ಕಂದಿನಿಂದ ಗೊತ್ತು. ಅಷ್ಟರಲ್ಲಿ ಹಿತ್ತಿಲಿನಲ್ಲಿದ್ದ ನನ್ನ ಗಂಡ ಬಂದು ಹೊಸ್ತಿಲ ಮೇಲೆ ನಿಂತರು. ಎರಡೂ ಕೈ ಬಾಗಿಲ ಚೌಕಟ್ಟಿಗೆ ಇಟ್ಟುಕೊಂಡು ನಿಂತರು.

"ಅಣ್ಣ, ನನಗೇ ಕೊಡಲ್ಲ ಅವಳು," ಎಂದರು ಮೆಲ್ಲಗೆ. "ನಿನಗೆಲ್ಲಿ ಕೊಡ್ತಾಳೆ? ಕೂತ್ಕೊ, ಮಜ್ಜಿಗೆ ಕುಡಿ."

ಭಾವ ಕೂರಲಿಲ್ಲ. ಈ ಮನೆಯ ನೀರೂ ಬೇಡ ಎಂದು ಹೇಳಿ ಹೊರಟರು, ಹೋಗುವಾಗ ನಮ್ಮ ಅಂಗಳದ ಬಿದಿರು ಗಳ ಒಂದನ್ನು ಎಳೆದುಕೊಂಡು ಹೋದರು. ನನ್ನ ಗಂಡ ಅವರ ಹಿಂದೆಯೇ ಓಡಿದರು. ನಾನು ಬಂದೂಕನ್ನು ಕೆಳಗಿಳಿಸಿ, ಮದ್ದಿನ ಬುರುಡೆಯನ್ನೂ ತೆಗೆದುಕೊಂಡು, ಹಿಂದಿನ ಓಣಿಯಿಂದ ಪಟೇಲರ ಮನೆಗೆ ಹೋಗಿ, ಠಾಣೆಗೆ ಒಪ್ಪಿಸುವ ಹಾಗೆಯೇ ಅವರ ಕೈಗೆ ಒಪ್ಪಿಸಿದೆ. ಈ ಜಗಳ ಆರುವ ತನಕ ಇದು ನಮ್ಮ ಮನೆಯಲ್ಲಿರುವುದು ಬೇಡ ಎಂದೆ. ಪಟೇಲರು ಅದನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿ, ತಳವಾರನನ್ನು ಕರೆದುಕೊಂಡು ಬಾವಿಯ ಕಡೆಗೆ ಓಡಿದರು.

ಅವರು ಹೋಗುವಷ್ಟರಲ್ಲಿ ಹೊಡೆದಾಟ ಆಗಿಹೋಗಿತ್ತು. ಪಕ್ಕದವನ ಮುಂಗೈ ಮುರಿದಿತ್ತು, ಭಾವನ ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಜಗಳ ಬಿಡಿಸಲು ನಡುವೆ ಹೋದ ನನ್ನ ಗಂಡನ ಬೆನ್ನಿಗೂ ಒಂದು ಬಿದ್ದಿತ್ತು. ಆದರೆ ಮೂವರೂ ಕಾಲ ಮೇಲೆ ನಿಂತಿದ್ದರು. ಸಂಜೆಯ ಹೊತ್ತಿಗೆ ಮೂಳೆ ಕಟ್ಟುವವನು ಬಂದು ಪಕ್ಕದವನ ಕೈಗೆ ಬಿದಿರಿನ ದಬ್ಬೆ ಕಟ್ಟಿದ. ಅವನ ಹೆಂಡತಿ ಅಳುತ್ತಾ ನಮ್ಮ ಮನೆಗೆ ಬಂದಳು. ಏನು ಕೇಳಲು ಬಂದಳೋ ಗೊತ್ತಿಲ್ಲ. ಬರಿದಾದ ಗೋಡೆಯನ್ನು ನೋಡಿ, ನನ್ನ ಕೈ ಹಿಡಿದು ಒತ್ತಿ ಹೊರಟು ಹೋದಳು.

ಪಟೇಲರೂ ಹಿರಿಯರೂ ಸೇರಿ ಪಂಚಾಯ್ತಿ ಮಾಡಿ ನೀರಿನ ಸರದಿಯನ್ನು ಹೊಸದಾಗಿ ಗೊತ್ತುಮಾಡಿದರು. ಬಾವಿಯನ್ನು ಇಬ್ಬರೂ ಸೇರಿ ಆಳ ಮಾಡಿಸಬೇಕು ಎಂದೂ ಆಯಿತು. ಒಂದೇ ಬಾವಿಯ ತಳದಲ್ಲಿ ನಿಂತು ಮಣ್ಣು ಎತ್ತುವವರು ಎಷ್ಟು ದಿನ ಮಾತು ಬಿಟ್ಟಿರುತ್ತಾರೆ? ಮೊದಲು ಹಗ್ಗ ಎಳಿ, ಬುಟ್ಟಿ ಹಿಡಿ ಎಂದು ಶುರುವಾಯಿತು. ನೀರು ಚಿಮ್ಮಿದ ದಿನ ಇಬ್ಬರೂ ಒಟ್ಟಿಗೆ ಕೂತು ಬುತ್ತಿ ತಿಂದರು ಎಂದು ನನ್ನ ಗಂಡ ಬಂದು ಹೇಳಿದರು. ಮಾರನೆಯ ದಿನ ನಾನು ಪಟೇಲರ ಮನೆಯಿಂದ ಬಂದೂಕು ವಾಪಸು ತಂದೆ.

ನನ್ನ ಜೊತೆ ಮಾತ್ರ ಭಾವ ಮಾತಾಡಲಿಲ್ಲ. ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದರು. ನನಗೆ ಅದು ಬಹಳ ನೋವಾಗಿತ್ತು. ಮುಂದಿನ ಸುಗ್ಗಿಯಲ್ಲಿ ಒಂದು ದಿನ ಕಣದಲ್ಲಿ ನಾನು ಜೋಳ ತೂರುತ್ತಿದ್ದಾಗ ಬಂದು ನಿಂತರು. ಗಾಳಿ ನೋಡಿದರು, ಜೋಳ ನೋಡಿದರು, ಎಷ್ಟು ಚೀಲ ಆದೀತು ಎಂದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

"ಅವತ್ತು ನೀನು ಕೊಟ್ಟಿದ್ರೆ ನಾನು ದುರ್ಗದ ಜೈಲ್ನಾಗಿರ್ತಿದ್ದೆ, ಅವನು ಮಣ್ಣಾಗಿರ್ತಿದ್ದ. ಅವನ ಮಗ ಈಗ ನನ್ನ ಕಪಿಲೆ ಹೊಡಿತಾನೆ."

ನಾನು ಮೊರದಲ್ಲಿದ್ದ ಜೋಳ ಪೂರ್ತಿ ತೂರಿದೆ. ಆಮೇಲೆ ಮಜ್ಜಿಗೆ ಕೊಟ್ಟೆ. ಕುಡಿದರು.

ಯುದ್ಧ ಮುಗಿದ ಮೇಲೆ, ತೋಳಗಳು ಊರಿನ ಆಚೆಯ ಬದಿಗೂ ಬರತೊಡಗಿದವು. ಭಾವನ ರೊಪ್ಪ ಇದ್ದುದು ಅಲ್ಲೇ. ಅವರು ತಮ್ಮ ಹೆಸರಿಗೆ ಲೈಸೆನ್ಸು ಬೇಕೆಂದು ಅರ್ಜಿ ಹಾಕಿದರು. ಹಳೆಯ ಅಮಲ್ದಾರರು ವರ್ಗವಾಗಿ ಹೋಗಿದ್ದರು. ಹೊಸಬರು ವಿಚಾರಣೆಗೆ ಬಂದು, ಅರ್ಜಿದಾರನು ಹಿಂದೆ ಹೊಡೆದಾಟ ಮಾಡಿದವನೆಂದು ತಿಳಿದು ಹಿಂಜರಿದರು. ಊರಿನಲ್ಲಿ ಮೊದಲೇ ಲೈಸೆನ್ಸು ಇರುವವರ ಅಭಿಪ್ರಾಯ ಕೇಳಬೇಕೆಂದು ನನ್ನನ್ನು ಚಾವಡಿಗೆ ಕರೆಸಿದರು. ಪಕ್ಕದ ಹೊಲದವನನ್ನೂ ಕರೆಸಿದ್ದರು. ಭಾವ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ತೋಳ ಎಂದು ಸುಳ್ಳು ಹೇಳಿದ್ದೂ, ಒಳಗೆ ನುಗ್ಗಲು ಬಂದದ್ದೂ, ಯಾವುದನ್ನೂ ಮುಚ್ಚಲಿಲ್ಲ. ಬಾವಿ ತೋಡಿದ್ದನ್ನೂ ಹೇಳಿದೆ. ಕಣಕ್ಕೆ ಬಂದು ನನ್ನೊಂದಿಗೆ ಆಡಿದ ಮಾತನ್ನೂ ಹೇಳಿದೆ.

"ಹಾಗಾದ್ರೆ ಕೊಡಬಹುದಾ, ಬೇಡವಾ?" ಎಂದು ಅಮಲ್ದಾರರು ಕೇಳಿದರು.

"ಅವತ್ತು ಕೇಳಿದ್ರೆ ಬೇಡ ಅಂತಿದ್ದೆ ಸ್ವಾಮಿ. ಇವತ್ತು ಕೊಡಿ ಅಂತೀನಿ. ವರ್ಷ ವರ್ಷ ನೋಡೋದು ನಿಮ್ಮ ಕೈಲೇ ಐತಲ್ಲ."

ಅವರು ಪಕ್ಕದ ಹೊಲದವನ ಕಡೆ ತಿರುಗಿದರು. ಅವನ ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಾ, ತೋಳ ತನ್ನ ಕುರಿಯನ್ನೂ ತಿನ್ನುತ್ತದೆ, ಕೊಡಿ ಎಂದ.

ದುರ್ಗದಿಂದ ಅಪ್ಪಣೆ ಬಂತು. ಭಾವ ಬಳಸಿದ ಬಂದೂಕೊಂದನ್ನು ಕೊಂಡು ತಂದರು. ಮಾರನೆಯ ಬೆಳಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಜೀವಮಾನದಲ್ಲಿ ಒಂದು ಸಲವೂ ಹಾರಿಸಿಲ್ಲ, ಎಲ್ಲಿಂದ ಹಿಡಿಯಬೇಕು ಹೇಳಿಕೊಡು ಎಂದರು. ಅತ್ತೆಗೆ ಆಗ ಸೊಂಟ ಬಗ್ಗಿತ್ತು, ಗೋಡೆ ಹಿಡಿದುಕೊಂಡು ಹೊರಗೆ ಬಂದು ನೋಡುತ್ತಾ ನಿಂತರು. ನಾನು ಭಾವನ ಪಕ್ಕ ಕೂತು, ಮೊದಲು ಬಂದೂಕಿನ ಬಾಯಿ ಎಂದೂ ಮನುಷ್ಯರ ಕಡೆಗೆ ತಿರುಗಬಾರದು ಎಂದು ತೋರಿಸಿದೆ. ಅವರು ಶಾಲೆಯ ಹುಡುಗನ ಹಾಗೆ ಅದನ್ನು ಮೇಲಕ್ಕೆ ಮಾಡಿ ಹಿಡಿದುಕೊಂಡರು. ಬಿಸಿಲೇರಿದ ಮೇಲೆ ಇಬ್ಬರೂ ಹೊಲಕ್ಕೆ ಹೋದೆವು. ಪಕ್ಕದ ಹೊಲದವನು ಒಂದು ಒಡಕು ಮಡಕೆ ತಂದು ಕಲ್ಲಿನ ಮೇಲಿಟ್ಟು, ದೂರ ಹೋಗಿ ಬೇವಿನ ಮರದ ನೆರಳಿನಲ್ಲಿ ಕೂತ. ಭಾವ ಆ ದಿನವಿಡೀ ಮಡಕೆಗೆ ಗುರಿಯಿಟ್ಟರು, ಒಂದು ಸಲವೂ ತಾಗಲಿಲ್ಲ. ಮೂವರೂ ನಕ್ಕು ಮನೆಗೆ ಬಂದೆವು. ಬಂದೂಕಿನ ಸದ್ದೇ ಸಾಕಾಯಿತೋ ಏನೋ, ಆ ವರ್ಷ ಊರಿನ ಎರಡೂ ಬದಿಯ ಕುರಿಮರಿ ಉಳಿದವು, ಸಜ್ಜೆಯೂ ಕಣ ಸೇರಿತು.